ಎಂಟನೆಯ ತರಗತಿಯ ಹೊಸ್ತಿಲು

ಪ್ರೌಢಶಾಲೆಯೊಂದರ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಕೈಗೆ ದೊರೆಯುವ ಆಧಾರವೆಂದರೆ ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯರು ಓದುವ ವರದಿ. ಅದರ ಧಾಟಿ ನಿಮಗೆಲ್ಲ ಗೊತ್ತೇ ಇದೆ. ಆ ವರ್ಷ ಶಾಲೆಗೆ ದಾಖಲಾದವರು ಎಷ್ಟು ಮಂದಿ, ಎಸ್.ಎಸ್.ಎಲ್.ಸಿ.ಯಲ್ಲಿ ಶೇಕಡಾ ಎಷ್ಟು ಮಂದಿ ತೇರ್ಗಡೆಯಾದರು, ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಖೋಖೋ ತಂಡಕ್ಕೆ ಯಾವ ಸ್ಥಾನ ಬಂತು, ಗಡಿಯಾರ ದಾನ ಮಾಡಿದವರು ಯಾರು, ಮೈಕಿನ ವ್ಯವಸ್ಥೆ ಮಾಡಿಕೊಟ್ಟವರು ಯಾರು. ವರದಿ ಮುಗಿಯುವ ಹೊತ್ತಿಗೆ ಮುಂದಿನ ಸಾಲಿನ ಚಿಕ್ಕ ಮಕ್ಕಳು ನಿದ್ದೆಗೆ ಜಾರಿರುತ್ತಾರೆ. ಪರದೆಯ ಹಿಂದೆ ಕೋಲಾಟದ ತಂಡದವರು ಮುಖಕ್ಕೆ ಬಣ್ಣ ಹಚ್ಚಿಕೊಂಡು ಚಡಪಡಿಸುತ್ತಿರುತ್ತಾರೆ. ಇಂತಹ ವರದಿಗಳನ್ನು ನಾನೂ ಬರೆದಿದ್ದೇನೆ, ಓದಿದ್ದೇನೆ. ಅವುಗಳಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳ ಚರಿತ್ರೆಯನ್ನು ಹುಡುಕಬೇಕಾದದ್ದು ದಾಖಲಾತಿ ಪುಸ್ತಕದಲ್ಲಿ, ಹಾಜರಿ ಪುಸ್ತಕದಲ್ಲಿ, ಹಾಸ್ಟೆಲಿನ ಅಕ್ಕಿ ರಾಗಿಯ ಲೆಕ್ಕದಲ್ಲಿ ಎಂಬುದು ನನ್ನ ಎಣಿಕೆ. ಏಳನೆಯ ತರಗತಿ ಮುಗಿಸಿದ ಮಗು ಎಂಟನೆಯ ತರಗತಿಯ ಹೊಸ್ತಿಲನ್ನು ದಾಟಿತೇ ಇಲ್ಲವೇ? ದಾಟಿದ್ದಾದರೆ ಎಲ್ಲಿ ಉಂಡಿತು, ಎಲ್ಲಿ ಮಲಗಿತು? ನಮ್ಮ ಕಡೆಯ ವಿದ್ಯಾಭ್ಯಾಸದ ಕಥೆಯೆಲ್ಲ ಈ ಎರಡು ಪ್ರಶ್ನೆಗಳ ಸುತ್ತ ತಿರುಗುತ್ತದೆ.

ಮೊದಲು ನೆಲದ ವಿಷಯ ಹೇಳಬೇಕು. ನಾಲ್ಕೂ ತಾಲ್ಲೂಕುಗಳು ಹುಣಸೂರು ಉಪವಿಭಾಗಕ್ಕೆ ಸೇರಿದವು. (ಸರಗೂರು, ಸಾಲಿಗ್ರಾಮಗಳು ಈಚೆಗೆ ಪ್ರತ್ಯೇಕ ತಾಲ್ಲೂಕುಗಳಾದವು, ನಾನು ಹಳೆಯ ಎಲ್ಲೆಯನ್ನೇ ಹಿಡಿದು ಬರೆಯುತ್ತಿದ್ದೇನೆ.) ಹೆಸರಿಗೆ ಒಂದೇ ಉಪವಿಭಾಗವಾದರೂ ಒಂದರಂತೆ ಇನ್ನೊಂದಿಲ್ಲ. ಕೃಷ್ಣರಾಜನಗರ ಕಾವೇರಿಯ ಕಾಲುವೆಗಳ, ಭತ್ತದ ಗದ್ದೆಗಳ ಸೀಮೆ. ನಾಲ್ಕರಲ್ಲಿ ರೈಲು ಇರುವುದೂ ಅದೊಂದಕ್ಕೇ. ಮೈಸೂರು ಅರಸೀಕೆರೆ ಮಾರ್ಗ ಅಲ್ಲಿ ಹಾದುಹೋಗುತ್ತದೆ. ಮೊದಲು ತಾಲ್ಲೂಕಿನ ಹೆಸರು ಎಡತೊರೆ. 1924ರ ಕಾವೇರಿಯ ಮಹಾಪ್ರವಾಹದ ಬಳಿಕ ಎತ್ತರದ ಜಾಗದಲ್ಲಿ ಹೊಸ ಊರನ್ನು ಕಟ್ಟಿಸಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಇಟ್ಟರು. ಆದ್ದರಿಂದಲೇ ಆ ಊರಿನ ಬೀದಿಗಳು ನೇರ, ಅಗಲ. ಹುಣಸೂರು, ಪಿರಿಯಾಪಟ್ಟಣಗಳು ಬಹುಮಟ್ಟಿಗೆ ಕೆಂಪು ಮಣ್ಣಿನ, ಮಳೆಯನ್ನು ನಂಬಿದ ಬೇಸಾಯದ, ಹೊಗೆಸೊಪ್ಪಿನ ನಾಡು. ಹೆಗ್ಗಡದೇವನಕೋಟೆಯಂತೂ ಅರ್ಧ ಕಾಡು. ಕಬಿನಿಗೆ ಬೀಚನಹಳ್ಳಿಯಲ್ಲಿ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿದಾಗ ಅಲ್ಲಿಯ ಹಲವು ಹಳ್ಳಿಗಳು ನೀರಿನಡಿ ಸೇರಿದವು. ಮುಳುಗಿದ ಊರುಗಳ ಮಕ್ಕಳು ಹೊಸ ಊರಿನ ಹೆಸರು ಹೇಳಿ ಶಾಲೆಗೆ ಸೇರಿದರು.

ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆ ಆರಂಭವಾದದ್ದು 1857ರಲ್ಲಿ. ಹನ್ನೊಂದು ವರ್ಷಗಳ ನಂತರ, 1868ರಲ್ಲಿ, ನಾವೆಲ್ಲ ಶಾಸನಗಳ ಮೂಲಕ ಬಲ್ಲ ಬಿ. ಎಲ್. ರೈಸರು ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆಯನ್ನು ಮುಂದಿಟ್ಟರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಶಾಸನ ಬಂತು. ಹೀಗೆ ಹಳ್ಳಿಗೆ ಅಕ್ಷರವೇನೋ ಬಂತು. ಪ್ರೌಢಶಾಲೆ ಮಾತ್ರ ಬರಲಿಲ್ಲ. ಹಳೆಯ ಮೈಸೂರಿನಲ್ಲಿ ನಾಲ್ಕು ವರ್ಷ ಪ್ರೈಮರಿ, ನಾಲ್ಕು ವರ್ಷ ಮಿಡ್ಲ್ ಸ್ಕೂಲು, ಮೂರು ವರ್ಷ ಹೈಸ್ಕೂಲು ಎಂಬ ಲೆಕ್ಕವಿತ್ತು. ಕೊನೆಯ ಮೂರು ವರ್ಷಕ್ಕೆ ಹಳ್ಳಿಯ ಹುಡುಗ ಊರು ಬಿಡಬೇಕಾಗಿತ್ತು. ಏಕೀಕರಣದ ನಂತರ ಏಳು ವರ್ಷ ಪ್ರಾಥಮಿಕ, ಮೂರು ವರ್ಷ ಪ್ರೌಢ ಎಂಬ ಈಗಿನ ಏರ್ಪಾಡು ಬಂದಮೇಲೂ ಈ ವಲಸೆ ಬಹುಕಾಲ ತಪ್ಪಲಿಲ್ಲ. ಹೊಸ್ತಿಲು ಎಂದು ನಾನು ಕರೆಯುತ್ತಿರುವುದು ಇದನ್ನೇ.

ಊರು ಬಿಟ್ಟವನಿಗೆ ಅನ್ನ ಹಾಕುವವರು ಯಾರು? ಬ್ರಾಹ್ಮಣರ ಹುಡುಗರಿಗೆ ವಾರಾನ್ನವೆಂಬ ಏರ್ಪಾಡಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಏಳು ಮನೆ ಸಿಗದವನಿಗೆ ವಾರದಲ್ಲಿ ಒಂದೆರಡು ದಿನ ಉಪವಾಸವೇ ಗತಿ. ಅದರ ಅವಮಾನವನ್ನು ಅನುಭವಿಸಿದವರು ಹಲವರು ಆತ್ಮಕಥೆಗಳಲ್ಲಿ ಬರೆದಿದ್ದಾರೆ. ಆದರೂ ಅದು ಒಂದು ದಾರಿಯಾಗಿತ್ತು ಎಂಬುದನ್ನು ಮರೆಯಬಾರದು. ಉಳಿದವರಿಗೆ ಆ ದಾರಿಯೂ ಇರಲಿಲ್ಲ. ಪೇಟೆಯಲ್ಲಿ ಸೋದರಮಾವನ ಮನೆಯೋ ಚಿಕ್ಕಪ್ಪನ ಮನೆಯೋ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೈಸೂರಿನಲ್ಲಿ ತಾತಯ್ಯನವರೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪೋಷಿಸಿದ ಅನಾಥಾಲಯ, ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ನಡೆಸಿದ ಉಚಿತ ಪ್ರಸಾದನಿಲಯ, ಬೇರೆಬೇರೆ ಸಮುದಾಯಗಳವರು ಕಟ್ಟಿಕೊಂಡ ವಿದ್ಯಾರ್ಥಿನಿಲಯಗಳು ಇವೆಲ್ಲ ಆ ಕೊರತೆಯನ್ನು ತುಂಬಲು ಹುಟ್ಟಿದವು. ಆದರೆ ಅವೆಲ್ಲ ಮೈಸೂರಿನಲ್ಲಿದ್ದವು. ಹುಣಸೂರಿನ ಹುಡುಗನಿಗೆ ಅದು ಸುಮಾರು 45 ಕಿಲೋಮೀಟರು. ಕಾಡಂಚಿನ ಹುಡುಗನಿಗೆ ಬೇರೊಂದು ದೇಶ.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ. ನಮ್ಮ ಪ್ರೌಢಶಾಲೆಗಳ ದಾಖಲಾತಿ ಪುಸ್ತಕದಲ್ಲಿ ಜಾತಿಯ ಅಂಕಣವೊಂದಿದೆಯಲ್ಲ, ಅದನ್ನು ಗುಮಾಸ್ತರು ಯಾಂತ್ರಿಕವಾಗಿ ತುಂಬಿಸುತ್ತಿದ್ದರು. ಆ ಅಂಕಣ ಒಂದು ದಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಹಿಂದುಳಿದವರಿಗೆ ಅವಕಾಶ ಕಲ್ಪಿಸಬೇಕೆಂಬ ವಿಚಾರ ನಮ್ಮಲ್ಲಿ ಹೊಸದಲ್ಲ. 1918ರಷ್ಟು ಹಿಂದೆಯೇ ನಾಲ್ವಡಿಯವರ ಸರ್ಕಾರ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತ್ತು. ಏಕೀಕರಣದ ನಂತರ, 1960ರಲ್ಲಿ, ಆರ್. ನಾಗನಗೌಡರ ಸಮಿತಿ ನೇಮಕವಾಯಿತು. ಯಾವ ಸಮುದಾಯ ವಿದ್ಯೆಯಲ್ಲಿ ಹಿಂದುಳಿದಿದೆ ಎಂದು ಅಳೆಯಲು ಅವರು ಹಿಡಿದ ಮಾನದಂಡ ಯಾವುದು ಗೊತ್ತೆ? ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಆ ಸಮುದಾಯದ ಮಕ್ಕಳು ಸಾವಿರ ಜನಸಂಖ್ಯೆಗೆ ಎಷ್ಟು ಮಂದಿ ಓದುತ್ತಿದ್ದಾರೆ ಎಂಬುದು. ರಾಜ್ಯದ ಸರಾಸರಿ ಸಾವಿರಕ್ಕೆ 6.9 ಎಂದು ಬಂತು. ಅಂದರೆ ಸಾವಿರ ಜನರಿರುವ ಊರಿನಿಂದ ಏಳು ಮಕ್ಕಳು ಕೂಡ ಪ್ರೌಢಶಾಲೆಯಲ್ಲಿರಲಿಲ್ಲ! ಅದಕ್ಕಿಂತ ಕೆಳಗಿದ್ದವರು ಹಿಂದುಳಿದವರು. ಸರಾಸರಿಯ ಅರ್ಧಕ್ಕಿಂತಲೂ ಕೆಳಗಿದ್ದವರು ಹೆಚ್ಚು ಹಿಂದುಳಿದವರು. ಈ ಲೆಕ್ಕದ ಮೇಲೆ ನಿಂತ ಸರ್ಕಾರದ ಆದೇಶವೇ ಬಾಲಾಜಿ ಮೊಕದ್ದಮೆಯಲ್ಲಿ ಪ್ರಶ್ನೆಗೆ ಒಳಗಾದದ್ದು. ಶೇಕಡಾ 68ರಷ್ಟು ಸ್ಥಾನಗಳನ್ನು ಮೀಸಲಿಟ್ಟದ್ದು ಮಿತಿಮೀರಿದ್ದೆಂದೂ ಹಿಂದುಳಿದಿರುವಿಕೆಗೆ ಜಾತಿಯೊಂದೇ ಅಳತೆಗೋಲಾಗಲಾರದೆಂದೂ 1962ರಲ್ಲಿ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ದೇಶದಲ್ಲಿ ಮೀಸಲಾತಿಯ ಮಾತು ಬಂದಾಗಲೆಲ್ಲ ಉಲ್ಲೇಖಿಸುವ ಈ ತೀರ್ಪಿನ ಬುಡದಲ್ಲಿರುವುದು ನಮ್ಮಂತಹ ಪ್ರೌಢಶಾಲೆಗಳ ಮಕ್ಕಳ ಎಣಿಕೆ.

ಹತ್ತು ವರ್ಷಗಳ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡವರು ಹುಣಸೂರಿನವರೇ. ಕಲ್ಲಹಳ್ಳಿಯ ದೇವರಾಜ ಅರಸರು 1972ರ ಮಾರ್ಚ್ 20ರಂದು ಮುಖ್ಯಮಂತ್ರಿಗಳಾದರು. ಅದೇ ವರ್ಷ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿದರು. ಹಾವನೂರರು ಶಾಲೆಯಲ್ಲಿ ಕುಳಿತವರನ್ನು ಎಣಿಸುವುದಕ್ಕೆ ಬದಲಾಗಿ ಪರೀಕ್ಷೆ ದಾಟಿದವರನ್ನು ಎಣಿಸಿದರು. 1972ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾದವರ ಸರಾಸರಿ ಸಾವಿರ ಜನಸಂಖ್ಯೆಗೆ 1.69. ಅವರ ವರದಿ 1975ರಲ್ಲಿ ಬಂತು. ಅದನ್ನು ಆಧರಿಸಿದ ಆದೇಶ 1977ರಲ್ಲಿ ಹೊರಟಿತು. ಹಿಂದುಳಿದ ವರ್ಗಗಳಿಗಾಗಿ ಪ್ರತ್ಯೇಕ ಇಲಾಖೆಯೂ ಅದೇ ವರ್ಷ ಹುಟ್ಟಿತು. ಅರಸರ ಹೆಸರು ಬಂದಾಗ ಉಳುವವನಿಗೇ ಭೂಮಿ ಎನ್ನುವ ಕಾನೂನನ್ನು ಎಲ್ಲರೂ ನೆನೆಯುತ್ತಾರೆ. ಮೇಷ್ಟರಾದ ನನ್ನ ಕಣ್ಣಿಗೆ ಹಾಸ್ಟೆಲುಗಳೂ ಅಷ್ಟೇ ದೊಡ್ಡವಾಗಿ ಕಾಣುತ್ತವೆ. ಅರಸರು ತಾವೂ ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಇದ್ದು ಓದಿದವರು. ಅದು ಮಹಾರಾಜರು ತಮ್ಮ ಬಳಗದ ಹುಡುಗರಿಗಾಗಿ ಕಟ್ಟಿಸಿದ್ದು. ಊರು ಬಿಟ್ಟ ಹುಡುಗನಿಗೆ ಸೂರೂ ಅನ್ನವೂ ಸಿಕ್ಕಿದರೆ ಏನಾಗುತ್ತದೆ ಎಂಬುದನ್ನು ಅವರು ಸ್ವಂತ ಅನುಭವದಿಂದ ಬಲ್ಲವರಾಗಿದ್ದರು ಎಂದು ನಾನು ಭಾವಿಸುತ್ತೇನೆ.

ಬಿ.ಸಿ.ಎಂ. ಹಾಸ್ಟೆಲು ಎಂದು ಜನ ಕರೆಯುವ ಆ ವಿದ್ಯಾರ್ಥಿನಿಲಯಗಳು ತಾಲ್ಲೂಕು ಕೇಂದ್ರಗಳಿಗೂ ಹೋಬಳಿಗಳಿಗೂ ಬಂದವು. ಅದಕ್ಕೆ ಮೊದಲೇ ಪರಿಶಿಷ್ಟ ಜಾತಿಯ ಮಕ್ಕಳಿಗಾಗಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು ನಡೆಯುತ್ತಿದ್ದವು. ಕಟ್ಟಡ ಎಂದರೆ ಎಷ್ಟೋ ಕಡೆ ಬಾಡಿಗೆಯ ಹೆಂಚಿನ ಮನೆ. ಜೂನ್ ತಿಂಗಳ ಮೊದಲ ಮಳೆಯಲ್ಲಿ ತಂದೆಯೊಬ್ಬ ತಲೆಯ ಮೇಲೆ ತಗಡಿನ ಟ್ರಂಕು ಹೊತ್ತು, ಹಿಂದೆ ಮಗ ಚಾಪೆ ಸುತ್ತಿಕೊಂಡು ಬರುತ್ತಿದ್ದ ದೃಶ್ಯ ಆ ವರ್ಷಗಳ ಬಸ್ ನಿಲ್ದಾಣಗಳಲ್ಲಿ ಸಾಮಾನ್ಯವಾಗಿತ್ತು. ಬೆಳಿಗ್ಗೆ ಉಪ್ಪಿಟ್ಟೋ ಚಿತ್ರಾನ್ನವೋ, ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು, ಮೇಲೊಂದಿಷ್ಟು ಅನ್ನ. ಅನ್ನವನ್ನು ಹಬ್ಬಕ್ಕೆ ಮಾತ್ರ ಕಂಡಿದ್ದ ಹುಡುಗರು ಅಲ್ಲಿದ್ದರು. ಸಾರು ನೀರಾಯಿತೆಂದು ಹುಡುಗರು ವಾರ್ಡನ್ನರ ಮೇಲೆ ಮುನಿಸಿಕೊಂಡು ತಟ್ಟೆ ಬಡಿದು ಸದ್ದು ಮಾಡುವುದು, ಹಿರಿಯ ವಿದ್ಯಾರ್ಥಿಗಳು ಸೇರಿ ಅಡಿಗೆಮನೆಗೆ ಹೋಗಿ ಬೇಳೆಯ ತೂಕ ನೋಡುವುದು, ಇವೂ ನಡೆಯುತ್ತಿದ್ದವು. ಪ್ರಜಾಪ್ರಭುತ್ವದ ಪಾಠವನ್ನು ನಾವು ಪೌರನೀತಿಯ ಪುಸ್ತಕದಿಂದ ಹೇಳಿಕೊಟ್ಟದ್ದಕ್ಕಿಂತ ಅಡಿಗೆಮನೆಯ ತಕ್ಕಡಿ ಹೆಚ್ಚಾಗಿ ಹೇಳಿಕೊಟ್ಟಿರಬೇಕು.

ಜೂನ್ ತಿಂಗಳಲ್ಲಿ ಹುಡುಗರು ತಮ್ಮ ತಮ್ಮ ಊರಿನವರ, ಜಾತಿಯವರ ಪಕ್ಕದಲ್ಲೇ ಸಾಲು ಹಿಡಿದು ಕೂರುತ್ತಿದ್ದರು. ದಸರಾ ರಜೆಯ ಹೊತ್ತಿಗೆ ಆ ಸಾಲುಗಳು ಕಲಸಿಹೋಗಿರುತ್ತಿದ್ದವು. ಕಬಡ್ಡಿಯಲ್ಲಿ ಯಾರು ಯಾರ ತಂಡ ಎಂಬುದರ ಮೇಲೆ ಊಟದ ಸಾಲೂ ನಿರ್ಧಾರವಾಗುತ್ತಿತ್ತು. ಇದು ಒಂದು ಮುಖ. ಇನ್ನೊಂದು ಮುಖವನ್ನೂ ಹೇಳಬೇಕು. ಪರಿಶಿಷ್ಟರ ಹಾಸ್ಟೆಲು ಒಂದು ಬೀದಿಯಲ್ಲಿ, ಹಿಂದುಳಿದವರದು ಇನ್ನೊಂದು ಬೀದಿಯಲ್ಲಿ. ಒಂದರಲ್ಲಿ ಇತರರಿಗೆ ಕೆಲವು ಸ್ಥಾನಗಳಿದ್ದರೂ ಊರಿನವರು ಕಟ್ಟಡವನ್ನು ಜಾತಿಯ ಹೆಸರಿನಿಂದಲೇ ಗುರುತಿಸುತ್ತಿದ್ದರು. ಒಂದೇ ಬೆಂಚಿನ ಮೇಲೆ ಕುಳಿತು ಪಾಠ ಕೇಳಿದ ಇಬ್ಬರು ಸಂಜೆ ಐದಕ್ಕೆ ಎರಡು ದಿಕ್ಕಿಗೆ ಉಣ್ಣಲು ಹೋಗುತ್ತಿದ್ದರು. ಒಂದೇ ಸೂರಿನಡಿ ಎಲ್ಲರನ್ನೂ ಇರಿಸುವ ಧೈರ್ಯವನ್ನು ನಮ್ಮ ಸರ್ಕಾರಗಳು ಮೊದಲಿನಿಂದಲೇ ಮಾಡಬಹುದಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. 1990ರ ದಶಕದಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬಂದಮೇಲೆ ಆ ಕೊರತೆ ಸ್ವಲ್ಪಮಟ್ಟಿಗೆ ನೀಗಿತು.

ಇನ್ನು ಶಾಲೆಯ ವರ್ಷದ ಗತಿ. ಇಲಾಖೆಯ ಪಂಚಾಂಗದ ಪ್ರಕಾರ ಎರಡು ಅವಧಿ. ದಸರಾ ರಜೆ ಅವೆರಡರ ನಡುವಿನ ಗೋಡೆ. ಬೆಳಗಿನ ಪ್ರಾರ್ಥನೆಯಾದೊಡನೆ ಒಬ್ಬ ವಿದ್ಯಾರ್ಥಿ ವಾರ್ತೆ ಓದುತ್ತಿದ್ದ, ಇನ್ನೊಬ್ಬಳು ಸುಭಾಷಿತ ಹೇಳುತ್ತಿದ್ದಳು. ಪತ್ರಿಕೆ ಹಳ್ಳಿಗೆ ಬರುವುದು ಮೊದಲ ಬಸ್ಸಿನಲ್ಲಿ. ಬಸ್ಸು ತಡವಾದರೆ ನಿನ್ನೆಯ ವಾರ್ತೆಯೇ ಇಂದಿನ ವಾರ್ತೆ. ತರಗತಿಯ ಗೋಡೆಯ ಮೇಲೆ ಭಿತ್ತಿಪತ್ರಿಕೆ ಇರುತ್ತಿತ್ತು. ಅದರಲ್ಲಿ ಪದ್ಯಗಳಿಗಿಂತ ನನಗೆ ಪ್ರಿಯವಾಗಿದ್ದದ್ದು ಊರಿನ ಸುದ್ದಿಯ ಮೂಲೆ: ಯಾರ ಊರಿನಲ್ಲಿ ಆನೆ ಬಂತು, ಯಾವ ಕೆರೆ ಕೋಡಿ ಬಿತ್ತು, ಯಾವ ರಸ್ತೆಗೆ ಬಸ್ಸು ಬಂತು. ಸೇವಾದಳ, ಸ್ಕೌಟು, ಎನ್.ಸಿ.ಸಿ. ಇದ್ದ ಶಾಲೆಗಳಲ್ಲಿ ಆಗಸ್ಟ್ 15ರ ಮೊದಲ ಎರಡು ವಾರ ಮೈದಾನದಲ್ಲಿ ಕವಾಯತಿನ ದೂಳು.

ಆದರೆ ಅದೇ ಎರಡು ವಾರ ಹಾಜರಿ ಪುಸ್ತಕ ಬೇರೊಂದು ಕಥೆ ಹೇಳುತ್ತಿತ್ತು. ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆಯ ಬಯಲಿನ ಶಾಲೆಗಳಲ್ಲಿ ಜುಲೈ ಕೊನೆಯಿಂದ ಸೆಪ್ಟೆಂಬರಿನವರೆಗೆ ಗೈರುಹಾಜರಿಯ ಗುರುತುಗಳು ಸಾಲುಸಾಲಾಗಿ ಕಾಣಿಸುತ್ತವೆ. ಕಾರಣ ಹೊಗೆಸೊಪ್ಪು. ವರ್ಜೀನಿಯಾ ತಂಬಾಕು ನಮ್ಮ ಕಡೆ ಮುಂಗಾರಿನ ಬೆಳೆ. ಮೇ, ಜೂನ್‌ನಲ್ಲಿ ಸಸಿ ನೆಡುತ್ತಾರೆ. ಎಲೆ ಬುಡದಿಂದ ಮೇಲಕ್ಕೆ ಹಂತಹಂತವಾಗಿ ಹಣ್ಣಾಗುವುದರಿಂದ ಒಂದೇ ಸಲಕ್ಕೆ ಕುಯಿಲು ಮುಗಿಯುವುದಿಲ್ಲ. ವಾರವಾರವೂ ಕೆಲವು ಎಲೆಗಳನ್ನು ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿಗೆ ಏರಿಸಬೇಕು. ಬ್ಯಾರನ್ ಎಂದರೆ ಎತ್ತರದ, ಕಿಟಕಿಯಿಲ್ಲದ ಮನೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿ, ಕೊಳವೆಗಳ ಮೂಲಕ ಒಳಗೆ ಬಿಸಿ ಹಾಯಿಸುತ್ತಾರೆ. ಐದಾರು ದಿನ ಹಗಲೂ ರಾತ್ರಿ ಶಾಖವನ್ನು ಮೆಲ್ಲಗೆ ಏರಿಸುತ್ತ ಹೋಗಬೇಕು. ಶಾಖ ತಪ್ಪಿದರೆ ಎಲೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಬೆಲೆಯಿಲ್ಲ. ಹೀಗಾಗಿ ಮನೆಯಲ್ಲಿ ಎಷ್ಟು ಕೈಗಳಿವೆಯೋ ಅಷ್ಟೂ ಬೇಕು. ಹುಡುಗಿಯರು ಎಲೆ ಕಟ್ಟಲು, ಹುಡುಗರು ಅಪ್ಪನೊಡನೆ ರಾತ್ರಿ ಒಲೆ ಕಾಯಲು. ರಾತ್ರಿ ಒಲೆ ಕಾಯ್ದು ಬೆಳಿಗ್ಗೆ ಶಾಲೆಗೆ ಬಂದ ಹುಡುಗ ಬೀಜಗಣಿತದ ಸಮೀಕರಣದ ನಡುವೆ ತೂಕಡಿಸಿದರೆ ಯಾರನ್ನು ಬಯ್ಯುವುದು?

ಹಸಿ ಎಲೆ ಮುರಿದವರ ಕೈಗೆ ಅಂಟು ಹತ್ತಿ ಕಪ್ಪಾಗುತ್ತದೆ. ಸೋಪಿಗೆ ಅದು ಸುಲಭವಾಗಿ ಬಿಡುವುದಿಲ್ಲ. ಒಮ್ಮೆ ಒಂಬತ್ತನೆಯ ತರಗತಿಯ ಕಾಪಿ ಪುಸ್ತಕಗಳನ್ನು ತಿದ್ದುತ್ತಿದ್ದಾಗ ಒಬ್ಬ ಹುಡುಗಿಯ ಪುಸ್ತಕದ ಹಾಳೆಗಳ ಅಂಚಿನಲ್ಲೆಲ್ಲ ಕಂದು ಬಣ್ಣದ ಹೆಬ್ಬೆರಳ ಗುರುತುಗಳಿದ್ದವು. ಅಕ್ಷರ ಮುತ್ತಿನಂತೆ ದುಂಡಗಿತ್ತು. ಆಕೆ ಬಾರದ ದಿನಗಳ ಪಾಠವನ್ನೂ ಗೆಳತಿಯ ಪುಸ್ತಕ ನೋಡಿ ಬರೆದುಕೊಂಡಿದ್ದಳು. ಆಕೆಯ ತಂದೆಯನ್ನು ಕಂಡು ಮಾತನಾಡಿದೆ. ಆತ ಕೆಟ್ಟವನೇನಲ್ಲ. ಆ ಸಲದ ಹರಾಜಿನಲ್ಲಿ ಬೆಲೆ ಬಂದರೆ ಇವಳ ಅಣ್ಣನ ಕಾಲೇಜಿನ ಫೀಸು, ಬಾರದಿದ್ದರೆ ಮತ್ತೆ ಸಾಲ ಎಂದು ಲೆಕ್ಕ ಹೇಳಿದ. ಹೊಗೆಸೊಪ್ಪನ್ನು ಬಯ್ಯುವುದು ಸುಲಭ. ಈ ಸೀಮೆಯಲ್ಲಿ ಮಂಗಳೂರು ಹೆಂಚು ಕಂಡ ಮನೆಗಳು, ಮೈಸೂರಿಗೆ ಓದಲು ಹೋದ ಮಕ್ಕಳು, ಇಬ್ಬರಿಗೂ ಹಣ ಬಂದದ್ದು ಬಹುಪಾಲು ಅದೇ ಬೆಳೆಯಿಂದ. 1976ರಲ್ಲಿ ತಂಬಾಕು ಮಂಡಲಿ ಅಸ್ತಿತ್ವಕ್ಕೆ ಬಂದು, 1984ರಲ್ಲಿ ಕರ್ನಾಟಕದಲ್ಲಿ ಹರಾಜಿನ ಪದ್ಧತಿ ಆರಂಭವಾದ ಮೇಲೆ ದಲ್ಲಾಳಿಗಳ ಕಾಟ ಕಡಿಮೆಯಾಗಿ ರೈತನ ಕೈಗೆ ನೇರವಾಗಿ ಹಣ ಬರತೊಡಗಿತು. ಒಂದೇ ಬೆಳೆ ಅಣ್ಣನನ್ನು ಕಾಲೇಜಿಗೆ ಕಳಿಸಿತು, ತಂಗಿಯನ್ನು ತರಗತಿಯಿಂದ ಹೊರಗಿಟ್ಟಿತು. ಆ ಹುಡುಗಿ ಮುಂದೆ ಎಸ್.ಎಸ್.ಎಲ್.ಸಿ. ಮುಗಿಸಿದಳು ಎಂಬುದನ್ನು ಸಂತೋಷದಿಂದ ದಾಖಲಿಸುತ್ತೇನೆ.

ಕೃಷ್ಣರಾಜನಗರದ ಕಡೆ ಹಾಜರಿ ಪುಸ್ತಕದ ಹಳ್ಳದಿಣ್ಣೆಗಳು ಬೇರೆ ತರಹ. ಅಲ್ಲಿ ಭತ್ತದ ನಾಟಿ, ಕುಯಿಲು, ಜೊತೆಗೆ ಜಾತ್ರೆಗಳು. ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯ ದನಗಳ ಜಾತ್ರೆ. ಶಿವರಾತ್ರಿಯಿಂದ ಮುಂದೆ ಕಪ್ಪಡಿಯಲ್ಲಿ ರಾಚಪ್ಪಾಜಿಯ ಜಾತ್ರೆ, ಅದೂ ವಾರಗಟ್ಟಲೆ. ಎಸ್.ಎಸ್.ಎಲ್.ಸಿ. ಪೂರ್ವಸಿದ್ಧತಾ ಪರೀಕ್ಷೆ ಇಟ್ಟುಕೊಂಡ ಮೇಷ್ಟರಿಗೆ ಮಂಟೇಸ್ವಾಮಿ ಪರಂಪರೆಯ ಮೇಲೆ ಕೋಪ ಮಾಡಿಕೊಳ್ಳುವ ಹಾಗಿಲ್ಲವಲ್ಲ! ಎತ್ತು ಕೊಳ್ಳಲು ಹೋದ ಅಪ್ಪನ ಜೊತೆ ಹೋದವನು ಹಲ್ಲೆಣಿಸಿ ಎತ್ತಿನ ವಯಸ್ಸು ಹೇಳುವುದನ್ನು ಕಲಿತು ಬರುತ್ತಿದ್ದ. ಅದೂ ವಿದ್ಯೆಯೇ.

ಹೆಗ್ಗಡದೇವನಕೋಟೆಯ ಕಾಡಂಚಿಗೆ ಬಂದರೆ ಹೊಸ್ತಿಲು ಇನ್ನೂ ಎತ್ತರ. ಅಲ್ಲಿಯ ಹಾಡಿಗಳಲ್ಲಿರುವ ಜೇನುಕುರುಬ, ಬೆಟ್ಟಕುರುಬ, ಎರವ ಮಕ್ಕಳಿಗಾಗಿ ಸರ್ಕಾರದ ಆಶ್ರಮ ಶಾಲೆಗಳು ನಡೆದವು. ಅಲ್ಲಿ ಊಟ, ವಸತಿ ಎಲ್ಲ ಇತ್ತು; ಆದರೆ ಅವು ಪ್ರಾಥಮಿಕ ಹಂತದವು. ಮುಂದಿನ ತರಗತಿಗೆ ಪೇಟೆಯ ಪ್ರೌಢಶಾಲೆಗೆ ಬಂದ ಮಗು ಮೂರು ಅಡೆತಡೆಗಳನ್ನು ಒಟ್ಟಿಗೆ ಎದುರಿಸಬೇಕಾಗಿತ್ತು. ಮನೆಯ ಮಾತು ಜೇನುನುಡಿ, ಪಾಠದ ಮಾತು ಪುಸ್ತಕದ ಕನ್ನಡ. ದಾರಿಯಲ್ಲಿ ಆನೆ. ತರಗತಿಯಲ್ಲಿ ಬೇರೆ ಮಕ್ಕಳ ಕಣ್ಣು. ಇದರ ಮೇಲೆ ಕೊಡಗಿನ ಕಾಫಿ ಕುಯಿಲು ಶುರುವಾದರೆ ಸಂಸಾರವೇ ತೋಟದ ಲೈನು ಮನೆಗೆ ಹೊರಡುತ್ತಿತ್ತು, ಮಗುವೂ ಹೊರಡುತ್ತಿತ್ತು. ದಸರಾ ರಜೆಗೆ ಹೋದವರು ಸಂಕ್ರಾಂತಿ ಕಳೆದರೂ ಬಾರದಿದ್ದಾಗ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಕೆಂಪು ಗೆರೆ ಬೀಳುತ್ತಿತ್ತು.

ಇವರ ಬಡತನದ ಹಿಂದೆ ಒಂದು ಚರಿತ್ರೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಗುತ್ತ ಬಂದಂತೆ ಕಾಡಿನೊಳಗಿನ ಹಾಡಿಗಳು ಹೊರಬಂದವು. ಕೆಲವರಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿಯಾಯಿತು. ಬಹಳ ಮಂದಿಗೆ ಯಾವುದೂ ಆಗಲಿಲ್ಲ. ಉಚ್ಚ ನ್ಯಾಯಾಲಯದ ಸೂಚನೆಯಂತೆ ಈ ಬಗ್ಗೆ ಅಧ್ಯಯನ ನಡೆಸಿದ ಪ್ರೊ. ಮುಜಾಫರ್ ಅಸ್ಸಾದಿಯವರ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಪುನರ್ವಸತಿ ಕಾಣಬೇಕಾದ ಕುಟುಂಬಗಳು 3,418 ಎಂದು ಗುರುತಿಸಿತು. ಪ್ರತಿ ಕುಟುಂಬದಲ್ಲೂ ಶಾಲೆಯ ವಯಸ್ಸಿನ ಮಕ್ಕಳಿದ್ದಾರೆ ಎಂಬುದನ್ನು ಈ ಅಂಕಿಯೊಡನೆ ಸೇರಿಸಿ ಓದಬೇಕು.

ಇದೇ ತಾಲ್ಲೂಕಿನಲ್ಲಿ ಬೇರೊಂದು ಪ್ರಯೋಗವೂ ನಡೆಯಿತು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮೊದಲು ಔಷಧ ಕೊಡಲು ಕಾಡಂಚಿಗೆ ಬಂತು. ಔಷಧದ ಹಿಂದೆಯೇ ಅಕ್ಷರವೂ ಬೇಕೆಂದು ಅವರಿಗೆ ತಿಳಿಯಲು ತಡವಾಗಲಿಲ್ಲ. 1988ರಲ್ಲಿ ಬ್ರಹ್ಮಗಿರಿಯ ದನದ ಕೊಟ್ಟಿಗೆಯೊಂದರಲ್ಲಿ ಶಾಲೆ ಆರಂಭವಾಯಿತು. ಮುಂದೆ ಹೊಸಹಳ್ಳಿಯಲ್ಲಿ ಬುಡಕಟ್ಟು ಮಕ್ಕಳಿಗಾಗಿಯೇ ವಸತಿ ಶಾಲೆಯಾಗಿ ಬೆಳೆಯಿತು. ಅದರ ಮುಖ್ಯ ಗುಣ ನನಗೆ ಕಂಡಂತೆ ಇದು: ಏಳರ ನಂತರ ಎಂಟಕ್ಕೆ ಮಗು ಬೇರೆ ಊರಿಗೆ, ಬೇರೆ ಹಾಸ್ಟೆಲಿಗೆ, ಬೇರೆ ಜನರ ನಡುವೆ ಹೋಗಬೇಕಾಗಿಲ್ಲ, ಹತ್ತರವರೆಗೂ ಅದೇ ಅಂಗಳ. ಹೊಸ್ತಿಲನ್ನೇ ತೆಗೆದುಹಾಕಿದರೆ ಎಡವುವ ಪ್ರಶ್ನೆಯೇ ಇಲ್ಲ. ಇಷ್ಟು ಸರಳವಾದದ್ದನ್ನು ಸರ್ಕಾರದ ಶಾಲೆಗಳಲ್ಲಿ ಮಾಡಲು ಇಷ್ಟೊಂದು ವರ್ಷ ಬೇಕಾಯಿತೇ ಎಂದು ಆಶ್ಚರ್ಯಪಡುತ್ತೇನೆ.

ಪಿರಿಯಾಪಟ್ಟಣದ ಬೈಲುಕುಪ್ಪೆಯ ವಿಷಯ ಬಿಟ್ಟರೆ ಲೇಖನ ಅಪೂರ್ಣ. 1959ರಲ್ಲಿ ದಲೈ ಲಾಮಾ ಅವರೊಡನೆ ದೇಶ ಬಿಟ್ಟು ಬಂದ ಟಿಬೆಟ್ಟಿನವರಿಗೆ ಅಂದಿನ ಮೈಸೂರು ಸರ್ಕಾರ ಅಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1961ರ ವೇಳೆಗೆ ಶಿಬಿರ ನೆಲೆಗೊಂಡಿತು. ಕಾಡು ಕಡಿದು ಮುಸುಕಿನ ಜೋಳ ಬಿತ್ತಿದ ಆ ಜನ ಜೊತೆಜೊತೆಗೇ ಶಾಲೆ ಕಟ್ಟಿಕೊಂಡರು. ಕೇಂದ್ರ ಸರ್ಕಾರ ಅದೇ 1961ರಲ್ಲಿ ಟಿಬೆಟನ್ ಶಾಲೆಗಳಿಗಾಗಿ ಒಂದು ಸಂಸ್ಥೆಯನ್ನೇ ಸ್ಥಾಪಿಸಿತು. ಮುಂದೆ 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಒಂದು ಶಿಬಿರವಾಯಿತು. ನೆಲ ಕಳೆದುಕೊಂಡು ಬಂದವರು ಹತ್ತೇ ವರ್ಷದಲ್ಲಿ ಮಕ್ಕಳನ್ನೆಲ್ಲ ಶಾಲೆಯಲ್ಲಿ ಕೂರಿಸಿದರು. ಗುರುಪುರದಿಂದ ಕೂಗಳತೆಯಲ್ಲಿರುವ ಹಾಡಿಗಳವರು ಈ ನೆಲದವರೇ ಆಗಿಯೂ ಹೊರಗುಳಿದರು. ಎರಡನ್ನೂ ನೋಡಿದ ನನಗೆ ವ್ಯತ್ಯಾಸ ಜನರ ಬುದ್ಧಿಯಲ್ಲಿ ಕಾಣಲಿಲ್ಲ. ಒಬ್ಬರಿಗೆ ನೆಲ, ಶಾಲೆ, ತಮ್ಮ ಭಾಷೆಯ ಮೇಷ್ಟರು ಒಟ್ಟಿಗೆ ಸಿಕ್ಕಿದರು. ಇನ್ನೊಬ್ಬರಿಂದ ನೆಲವನ್ನು ಕಿತ್ತುಕೊಂಡ ಮೇಲೆ ಶಾಲೆಗೆ ಬನ್ನಿ ಎಂದು ಕರೆದೆವು.

ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಕಣ್ಣಾರೆ ಕಂಡ ದೊಡ್ಡ ಬದಲಾವಣೆ ಸೈಕಲ್ಲಿನದು. ಹಾಸ್ಟೆಲಿಗೆ ಗಂಡುಮಗನನ್ನು ಬಿಡುವ ತಂದೆ ಮಗಳನ್ನು ಬಿಡಲು ಹಿಂಜರಿಯುತ್ತಿದ್ದ. ನಾಲ್ಕೈದು ಕಿಲೋಮೀಟರು ನಡೆಸಲೂ ಹೆದರುತ್ತಿದ್ದ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿದಾಗ, ಅದೂ ಗುಣಮಟ್ಟ ಅಷ್ಟಕ್ಕಷ್ಟೇ ಎಂದು ನಾವು ಮೇಷ್ಟರುಗಳು ಸ್ಟಾಫ್ ರೂಮಿನಲ್ಲಿ ನಗಾಡಿದ್ದುಂಟು. ಒಂದೇ ವರ್ಷದಲ್ಲಿ ಬೆಳಗಿನ ಒಂಬತ್ತರ ರಸ್ತೆಯ ರೂಪವೇ ಬದಲಾಯಿತು. ಹತ್ತು ಹುಡುಗಿಯರು ಒಟ್ಟಿಗೆ ಬೆಲ್ಲು ಬಾರಿಸುತ್ತ ಬಂದರೆ ಯಾವ ಪುಂಡನಿಗೂ ಅಡ್ಡ ನಿಲ್ಲುವ ಧೈರ್ಯವಿಲ್ಲ. ಅದರ ಮಗ್ಗುಲಲ್ಲೇ ಬಂದದ್ದು ಮಧ್ಯಾಹ್ನದ ಬಿಸಿಯೂಟ. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ನಮ್ಮ ಕಡೆಗೆ ಬಂದರೂ ಪ್ರೌಢಶಾಲೆಯ ಮಕ್ಕಳಿಗೆ ಅದು ದೊರೆತದ್ದು 2007-08ರಲ್ಲಿ. ಅಲ್ಲಿಯವರೆಗೆ ಒಂದೇ ಆವರಣದಲ್ಲಿ ತಮ್ಮ ಉಣ್ಣುವುದನ್ನು ಅಕ್ಕ ನೋಡುತ್ತಿದ್ದಳು. ಹಿಂದಿನ ತಲೆಮಾರಿನವರಿಗೆ ಕೇರ್ ಸಂಸ್ಥೆಯ ಗೋಧಿ ಉಪ್ಪಿಟ್ಟು, ಹಾಲಿನ ಪುಡಿಯ ನೆನಪಿರಬಹುದು. ಅದೂ ಪ್ರೈಮರಿ ಶಾಲೆಗೆ ಮಾತ್ರವೇ ಆಗಿತ್ತು. ಹದಿಮೂರು ವರ್ಷವಾದ ಮಗುವಿಗೆ ಹಸಿವು ಕಡಿಮೆ ಎಂದು ಯಾರು ನಿರ್ಧರಿಸಿದ್ದರೋ ಕಾಣೆ.

ಇಷ್ಟನ್ನು ಬರೆಯಲು ಕುಳಿತಾಗ ನನಗೆ ಅರಿವಾದದ್ದು, ಆಧಾರಗಳು ಎಷ್ಟು ಬೇಗ ಕರಗುತ್ತಿವೆ ಎಂಬುದು. ಹಳೆಯ ಹಾಜರಿ ಪುಸ್ತಕಗಳು ಕೊಠಡಿಯ ಮೂಲೆಯಲ್ಲಿ ಗೆದ್ದಲಿಗೆ ಆಹಾರವಾಗುತ್ತವೆ. ಬಾಡಿಗೆ ಕಟ್ಟಡ ಬಿಡುವಾಗ ಹಾಸ್ಟೆಲಿನ ಲೆಕ್ಕದ ಪುಸ್ತಕಗಳು ರದ್ದಿಯವನ ಪಾಲಾಗುತ್ತವೆ. ಭಿತ್ತಿಪತ್ರಿಕೆಯನ್ನಂತೂ ಕಿತ್ತೇ ಹೊಸದನ್ನು ಅಂಟಿಸುತ್ತಿದ್ದೆವು. ಆದ್ದರಿಂದ ಇದನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಟ್ರಂಕಿನಲ್ಲಿ ಕೈಬರಹದ ಪತ್ರಿಕೆ, ಹಾಸ್ಟೆಲಿನ ಗುಂಪಿನ ಚಿತ್ರ, ಮನೆಗೆ ಬರೆದ ಕಾಗದ, ಅಪ್ಪ ಕಳಿಸಿದ ಮನಿಯಾರ್ಡರಿನ ತುಂಡು, ಏನಿದ್ದರೂ ಎಸೆಯಬೇಡಿ. ಯಾವ ವರ್ಷದ್ದು, ಯಾವ ಊರಿನದು, ಯಾರು ಯಾರು ಎಂದು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಹೊಗೆಸೊಪ್ಪಿನ ತಿಂಗಳುಗಳಲ್ಲಿ ನಿಮ್ಮಲ್ಲಿ ಯಾರು ಎಷ್ಟು ದಿನ ಶಾಲೆ ಬಿಟ್ಟಿದ್ದಿರಿ, ಯಾರ ಪುಸ್ತಕ ನೋಡಿ ಬರೆದುಕೊಂಡಿರಿ ಎಂಬುದನ್ನೂ ನೆನಪಿರುವವರು ತಿಳಿಸಿದರೆ, ಹಾಜರಿ ಪುಸ್ತಕದ ಖಾಲಿ ಮನೆಗಳನ್ನು ಒಂದೊಂದಾಗಿ ತುಂಬುತ್ತ ಹೋಗುವ ಆಸೆ ನನ್ನದು. ಮುಂದಿನ ಬರಹವನ್ನು ಸರಗೂರಿನ ಕಡೆಯ ಹಾಸ್ಟೆಲುಗಳಿಂದ ಆರಂಭಿಸಬೇಕೆಂದಿದ್ದೇನೆ.